ನಲವತ್ತಮೂರನೇ ಸಾಲಿನ ಟಿಕ್ಕು

ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಅಪ್ಪನ ಗ್ಲೌಸು ಹಿಡಿದುಕೊಂಡು ಹೋಗಿದ್ದೆ. ಲ್ಯಾಕವಾನದ ಉಕ್ಕಿನ ಕಾರ್ಖಾನೆ ಮುಚ್ಚಿದಾಗ ಅಪ್ಪ ಅಲ್ಲಿಂದ ಮನೆಗೆ ತಂದದ್ದು ಬೆನ್ನುನೋವು ಮತ್ತು ಆ ಗ್ಲೌಸು. ಮೊಣಕೈವರೆಗೆ ಬರುವ, ಕರಗಿದ ಉಕ್ಕಿನ ಕಿಡಿ ಬಿದ್ದರೂ ಜಗ್ಗದ ದಪ್ಪ ಚರ್ಮದ್ದು. ವಿಶ್ವವಿದ್ಯಾಲಯದಿಂದ ಬಂದ ಕಾಗದದಲ್ಲಿ ‘ಅಧಿಕ ಉಷ್ಣತೆಯ ಅತಿವಾಹಕಗಳ ಪ್ರಯೋಗಾಲಯ’ ಎಂದಿತ್ತು. ಅತಿವಾಹಕ ಅಂದರೇನೆಂದು ನನಗೆ ಗೊತ್ತಿರಲಿಲ್ಲ. ಅಧಿಕ ಉಷ್ಣತೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯ ಮೂರು ತಲೆಮಾರು ಅದರ ಸಂಬಳದಲ್ಲೇ ಬದುಕಿದೆ. ಜನವರಿ ತಿಂಗಳು, ನಮ್ಮೂರು ಬಫಲೋದಲ್ಲಿ ಮೊಣಕಾಲುದ್ದ ಹಿಮ. ಒಳಗೆ ಹೇಗೂ ಕುಲುಮೆ ಇರುತ್ತದಲ್ಲ ಎಂದು ತೆಳ್ಳನೆಯ ಅರ್ಧ ತೋಳಿನ ಅಂಗಿ ತೊಟ್ಟು, ಕಂಕುಳಲ್ಲಿ ಗ್ಲೌಸು ಇಟ್ಟುಕೊಂಡು, ಬಾಗಿಲಲ್ಲಿ ನಿಂತೆ.

ಒಳಗೆ ಒಬ್ಬ ಹೆಂಗಸು ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದರು. ಅರವತ್ತರ ಆಸುಪಾಸು, ಮೋಟು ಕೂದಲು, ಮೂಗು ಬಾಯಿ ಮುಚ್ಚುವಂತೆ ಕಟ್ಟಿಕೊಂಡ ಹೂವಿನ ಕರವಸ್ತ್ರ. ತಲೆ ಎತ್ತದೆ ಕೈ ಎತ್ತಿ ನಿಲ್ಲು ಎಂದು ಸನ್ನೆ ಮಾಡಿದರು. ನಾಲ್ಕು ನಿಮಿಷ ನಿಂತೆ. ಆಮೇಲೆ ಕರವಸ್ತ್ರ ಇಳಿಸಿ ನನ್ನನ್ನೂ ಗ್ಲೌಸನ್ನೂ ನೋಡಿದರು.

“ಯಾರನ್ನ ಬೇಯ್ಸೋಕೆ ಬಂದ್ಯಪ್ಪ?”

ನಾನು ಕಾಗದ ತೋರಿಸಿದೆ.

“ಅಯ್ಯೋ ಮರಿ. ಇಲ್ಲಿ ಬಿಸಿ ಅಂದ್ರೆ ಸೊನ್ನೆಗಿಂತ ನೂರೆಂಬತ್ತು ಡಿಗ್ರಿ ಕೆಳಗೆ. ಹಳೇವು ಇದಕ್ಕಿಂತ ತಣ್ಣಗಿದ್ರೇನೇ ಕೆಲಸ ಮಾಡ್ತಿದ್ದಿದ್ದು, ಅವುಗಳ ಮುಂದೆ ಇದು ಬಿಸಿ. ಹೋಗು, ಸ್ವೆಟರ್ ಹಾಕ್ಕೊಂಡ್ ಬಾ. ಉಣ್ಣೇದು ಬೇಡ. ಗ್ಲೌಸ್ ಇಲ್ಲೇ ಬಿಡು, ಲಿಕ್ವಿಡ್ ನೈಟ್ರೋಜನ್ ಸುರಿಯೋಕೆ ಬರುತ್ತೆ.”

ಹೀಗೆ ಮೊದಲ ದಿನವೇ ನನಗಿಂತ ನಮ್ಮಪ್ಪನ ಗ್ಲೌಸು ಹೆಚ್ಚು ಉಪಯೋಗದ್ದು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಡೋಲೊರಿಸ್ ವೊಯ್ಟಾನಿಕ್. ಎಲ್ಲರೂ ಅವರನ್ನು ಮಿಸೆಸ್ ವೊಯ್ ಎಂದು ಕರೆಯುತ್ತಿದ್ದರು. ಪ್ರೊಫೆಸರ್ ಹ್ಯಾಲ್ಬರ್ಟ್ ಒಬ್ಬರು ಮಾತ್ರ ಡೋಲೊರಿಸ್ ಅನ್ನುತ್ತಿದ್ದರು, ಅದೂ ಏನಾದರೂ ಕೆಟ್ಟಾಗ.

ಮಿಸೆಸ್ ವೊಯ್ ಹುಟ್ಟಿದ್ದು ಬ್ರಾಡ್‌ವೇ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ. ಹತ್ತೊಂಬತ್ತು ವರ್ಷ ರೇಡಿಯೋ ಕಾರ್ಖಾನೆಯೊಂದರಲ್ಲಿ ಸಾಸಿವೆಗಿಂತ ಸಣ್ಣ ಬಿಡಿಭಾಗಗಳಿಗೆ ತಂತಿ ಅಂಟಿಸುವ ಕೆಲಸ. ಕಾರ್ಖಾನೆ ದಕ್ಷಿಣಕ್ಕೆ ಹೊರಟುಹೋಯಿತು, ಇವರು ಹೋಗಲಿಲ್ಲ. ಗಂಡ ಚೆಟ್ ಸಿಟಿ ಬಸ್ ಓಡಿಸುತ್ತಿದ್ದವರು. ಈಗ ನಿವೃತ್ತಿಯಾಗಿ ಕಿಟಕಿ ಪಕ್ಕ ಕೂತು ಹಾದುಹೋಗುವ ಬಸ್ಸುಗಳ ಡ್ರೈವರುಗಳನ್ನು ಬೈಯುವ ಕೆಲಸದಲ್ಲಿದ್ದಾರೆ. ಎಂಬತ್ತೇಳನೇ ಇಸವಿಯಲ್ಲಿ ದೇಶದಲ್ಲೆಲ್ಲ ವಿಜ್ಞಾನಿಗಳು ಊಟ ನಿದ್ದೆ ಬಿಟ್ಟು ಅತಿವಾಹಕದ ಈ ಕಪ್ಪು ಪುಡಿಯನ್ನು ಅರೆಯತೊಡಗಿದಾಗ, ಪ್ರೊಫೆಸರ್ ಹ್ಯಾಲ್ಬರ್ಟರಿಗೆ ಎಲ್ಲವೂ ಇತ್ತು, ತಂತಿ ಅಂಟಿಸುವ ಕೈ ಇರಲಿಲ್ಲ. ಯಾರೋ ಇವರ ಹೆಸರು ಹೇಳಿದರು. ಬಂದರು, ಕೂತರು. ಆಮೇಲೆ ಆ ಕುರ್ಚಿಯಲ್ಲಿ ಬೇರೆಯವರು ಕೂತಿರಲಿಲ್ಲ.

ಕೆಲಸ ಇಷ್ಟೇ. ಮಾರ್ಗೊ ಎಂಬ ಸಂಶೋಧನಾ ವಿದ್ಯಾರ್ಥಿನಿ ಆ ಪುಡಿ ಒತ್ತಿ ಮಾಡಿದ ಕಪ್ಪು ಬಿಲ್ಲೆಗೆ ಲೇಸರ್ ಹೊಡೆದು, ಎದ್ದ ಆವಿಯನ್ನು ಕಿರುಬೆರಳಿನ ಉಗುರಿನಷ್ಟಗಲದ ಹರಳಿನ ಮೇಲೆ ಪದರವಾಗಿ ಕೂರಿಸುತ್ತಿದ್ದಳು. ಅದನ್ನೇ ನಾವು ಫಿಲ್ಮ್ ಅನ್ನುವುದು. ಅದನ್ನು ತಣ್ಣಗೆ ಮಾಡಿದರೆ ಒಂದು ಹಂತದಲ್ಲಿ ಕರೆಂಟಿಗೆ ತಡೆಯೇ ಇಲ್ಲವಾಗುತ್ತದೆ; ಕರೆಂಟು ಖರ್ಚಿಲ್ಲದೆ ಓಡುತ್ತದೆ. ಕೆಲವು ಫಿಲ್ಮುಗಳನ್ನು ಜೋಡಿಸಿದ ಎರಡು ಹರಳಿನ ಮೇಲೆ ಬೆಳೆಸುತ್ತಿದ್ದರು. ಆ ಬೆಸುಗೆಯ ಗೆರೆ ಸುಂಕದ ಕಟ್ಟೆ ಇದ್ದ ಹಾಗೆ, ಸ್ವಲ್ಪ ಕರೆಂಟಾದರೆ ಸುಂಕವಿಲ್ಲದೆ ಬಿಡುತ್ತದೆ, ಹೆಚ್ಚಾದರೆ ವಸೂಲಿಗೆ ನಿಲ್ಲುತ್ತದೆ. ಆ ವರ್ಷ ಎಲ್ಲರ ತಲೆಯಲ್ಲಿದ್ದ ಪ್ರಶ್ನೆ, ಫಿಲ್ಮು ಎಷ್ಟು ತೆಳ್ಳಗಾಗುವವರೆಗೆ ಈ ಗುಣ ಉಳಿಯುತ್ತದೆ ಎಂಬುದು. ತೆಳ್ಳಗಾದಷ್ಟೂ ಅದು ಹೆಚ್ಚು ತಣ್ಣಗಿರಬೇಕೆಂದು ಹಟ ಹಿಡಿಯುತ್ತದೆ, ತಡೆ ಇಳಿಯುವುದೂ ನಿಧಾನ, ಬಾಗಿಲಲ್ಲಿ ಮಾತು ಮುಗಿಸದ ನೆಂಟರ ಹಾಗೆ.

ಇದನ್ನು ಅಳೆಯಲು ಫಿಲ್ಮಿಗೆ ಕೂದಲಿಗಿಂತ ತೆಳ್ಳಗಿನ ನಾಲ್ಕು ಚಿನ್ನದ ತಂತಿ ಅಂಟಿಸಬೇಕು. ಎರಡು ತಂತಿ ಕರೆಂಟು ಕಳಿಸಲು, ಎರಡು ತಂತಿ ಅದು ಎಷ್ಟು ಕಷ್ಟಪಟ್ಟು ಹೋಗುತ್ತಿದೆ ಎಂದು ಕೇಳಿಸಿಕೊಳ್ಳಲು. ಕೇಳುವ ತಂತಿಗಳಿಗೆ ಏನೂ ಕೇಳಿಸದಿದ್ದರೆ ತಡೆ ಸೊನ್ನೆ ಎಂದರ್ಥ. ತಂತಿ ಕೂತ ಫಿಲ್ಮನ್ನು ತಣ್ಣಗೆ ಮಾಡಿ ಅಳೆಯುವುದು ನನ್ನ ಕೆಲಸ. ಮಿಸೆಸ್ ವೊಯ್ ತಮ್ಮದೇ ರೆಪ್ಪೆಯ ಒಂದು ಕೂದಲನ್ನು ಹಲ್ಲುಕಡ್ಡಿಗೆ ಅಂಟಿಸಿಕೊಂಡು, ಅದರಿಂದ ಬೆಳ್ಳಿಯ ಪೇಸ್ಟನ್ನು ಚುಕ್ಕಿ ಇಟ್ಟು, ತಂತಿ ಕೂರಿಸುತ್ತಿದ್ದರು. ಬಾಯಿಯ ಪಸೆ ತಾಗಿದರೆ ತೆಳು ಫಿಲ್ಮು ಹಾಳಾಗುತ್ತದೆಂದು ಕರವಸ್ತ್ರ. ಮೈಮೇಲಿನ ಕಿಡಿ ಹಾರಿದರೆ ಬೆಸುಗೆಯ ಗೆರೆ ಸುಟ್ಟುಹೋಗುತ್ತದೆಂದು ಉಣ್ಣೆ ನಿಷೇಧ, ಮತ್ತು ಯಾರೇ ಆಗಲಿ ಅವರ ಮೇಜಿನ ಹತ್ತಿರ ಬರುವ ಮುಂಚೆ ಬಾಗಿಲ ಪಕ್ಕದ ಹಿತ್ತಾಳೆ ನಲ್ಲಿ ಮುಟ್ಟಬೇಕು. ಡೀನ್ ಬಂದಾಗಲೂ, “ನಲ್ಲಿ ಮುಟ್ಟಿ ಸರ್” ಅಂದಿದ್ದರು. ಡೀನ್ ಮುಟ್ಟಿದರು, ಚಟ್ ಎಂದು ಕಿಡಿ ಹಾರಿತು, ಅವರು ಆಮೇಲೆ ಬರಲಿಲ್ಲ. ನಾನು ನಲ್ಲಿ ಮುಟ್ಟುವುದನ್ನು ಮರೆತು ಮೊದಲ ತಿಂಗಳಲ್ಲೇ ಮೂರು ಬೆಸುಗೆ ಸುಟ್ಟೆ.

“ಮಿಂಚು ಡುಡೆಕ್,” ಎಂದು ಹೆಸರಿಟ್ಟರು. ಡುಡೆಕ್ ನನ್ನ ಮನೆತನದ ಹೆಸರು. ಮಿಂಚು ನಾನೇ ಸಂಪಾದಿಸಿದ್ದು.

ಅವರ ಮೇಜಿನ ಮೇಲೆ ಹಸಿರು ಬಟ್ಟೆಯ ರಟ್ಟಿನ ಪುಸ್ತಕವೊಂದಿತ್ತು. ಸೋಮವಾರ ಬೆಳಿಗ್ಗೆ ಆ ವಾರ ಬರಲಿರುವ ಫಿಲ್ಮುಗಳ ಸಂಖ್ಯೆಗಳನ್ನು ಸಾಲಾಗಿ ಬರೆದು, ಪ್ರತಿ ಸಾಲಿನ ಕೊನೆಗೆ ಮೊದಲೇ ತಮ್ಮ ಹೆಸರಿನ ಎರಡು ಅಕ್ಷರ ಹಾಕಿಬಿಡುತ್ತಿದ್ದರು. ಅದು ಕಾರ್ಖಾನೆ ಕಾಲದ ಅಭ್ಯಾಸ; ಬೇರೆ ಯಾರೂ ಅಂಟಿಸುವುದಿಲ್ಲವಾದ್ದರಿಂದ ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ತಂತಿ ಕೂರಿಸಿದ ಮೇಲೆ ಆ ಸಾಲಿಗೆ ಒಂದು ಟಿಕ್ಕು. ಟಿಕ್ಕಿನ ಬಾಲ ಉದ್ದ, ಮೇಲಿನ ಸಾಲಿಗೆ ಹೋಗಿ ತಾಗುವಷ್ಟು.

ಮಾರ್ಚಿ‌ನ ಮೊದಲ ಶುಕ್ರವಾರ ಅವರು ಮಧ್ಯಾಹ್ನವೇ ಹೊರಟರು. ಈಸ್ಟರಿನ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಅವರ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿದು ಮಾರುತ್ತಾರೆ; ಬಾಣಲೆ ಮಿಸೆಸ್ ವೊಯ್ ಅವರದು. ಹೋಗುವಾಗ, “ನಲವತ್ತಮೂರು ಸೋಮವಾರ ಮಾಡ್ತೀನಿ, ಅದರ ಡಬ್ಬಿ ತೆಗೀಬೇಡ,” ಅಂದರು.

ನಲವತ್ತಮೂರು ಮಾರ್ಗೊ ಬೆಳೆಸಿದ ಎಲ್ಲಕ್ಕಿಂತ ತೆಳು ಫಿಲ್ಮು. ಎರಡೇ ಪದರ, ಒಂದು ಕೂದಲನ್ನು ಮೂವತ್ತು ಸಾವಿರ ಸೀಳು ಮಾಡಿದರೆ ಅದರಲ್ಲೊಂದರಷ್ಟು ದಪ್ಪ. ಪ್ರೊಫೆಸರ್ ಮುಂದಿನ ವಾರ ದೊಡ್ಡ ಸಮ್ಮೇಳನಕ್ಕೆ ಹೊರಡುವವರಿದ್ದರು. ಮೂರು ಗಂಟೆಗೆ ಬಾಗಿಲಲ್ಲಿ ತಲೆ ಹಾಕಿ, “ನಲವತ್ತಮೂರು ಅಳೆದಾಯ್ತಾ?” ಅಂದರು.

ಇಲ್ಲ ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. “ಸಂಜೆ ಹೊತ್ತಿಗೆ ಆಗುತ್ತೆ,” ಅಂದೆ.

ಯಾಕೆ ಹಾಗಂದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ದೊಡ್ಡ ಕಾರಣವೇನೂ ಸಿಕ್ಕಿಲ್ಲ. ಎರಡು ತಿಂಗಳು ಪಕ್ಕದಲ್ಲಿ ನಿಂತು ನೋಡಿದ್ದೆ. ನಾಲ್ಕು ಚುಕ್ಕಿ, ನಾಲ್ಕು ತಂತಿ, ಅದರಲ್ಲೇನು ಮಹಾ ಅನ್ನಿಸಿತ್ತು. ನಾನು ಅವರ ಕುರ್ಚಿಯಲ್ಲಿ ಕೂತೆ, ಎತ್ತರ ಸರಿಮಾಡಿಕೊಂಡೆ, ರೆಪ್ಪೆಗೂದಲಿನ ಕಡ್ಡಿ ಹಿಡಿದೆ. ಕರವಸ್ತ್ರ ಮಾತ್ರ ಕಟ್ಟಲಿಲ್ಲ, ಹೂವಿನದು ಎಂದು. ತಂತಿ ತುಂಡಾಗಬಾರದೆಂದು ಧಾರಾಳವಾಗಿ ಸಡಿಲ ಬಿಟ್ಟೆ. ಮುಗಿದಾಗ ಪುಸ್ತಕ ತೆರೆದು ನೋಡಿದರೆ ನಲವತ್ತಮೂರನೇ ಸಾಲಿನಲ್ಲಿ ಅವರ ಅಕ್ಷರ ಆಗಲೇ ಇತ್ತು, ಟಿಕ್ಕು ಇರಲಿಲ್ಲ. ಅಕ್ಷರ ಹೊಡೆದುಹಾಕಿ ನನ್ನದು ಬರೆದರೆ ಡಬ್ಬಿ ತೆಗೆದದ್ದು ಗೊತ್ತಾಗುತ್ತದೆ. ಟಿಕ್ಕು ಹಾಕಿದೆ. ಬಾಲ ಉದ್ದ ಎಳೆದೆ, ಮೇಲಿನ ಸಾಲಿಗೆ ತಾಗುವ ಹಾಗೆ. ಆ ಬಾಲ ಎಳೆಯುವಾಗ ನನಗೆ ನಗು ಬಂದಿತ್ತು. ಅದನ್ನು ಬರೆಯಲೇಬೇಕು, ಯಾಕೆಂದರೆ ಆಮೇಲೆ ನೆನಪಾದಾಗಲೆಲ್ಲ ಆ ನಗುವೇ ಮೊದಲು ನೆನಪಾಗುತ್ತದೆ.

ಫಿಲ್ಮನ್ನು ನೈಟ್ರೋಜನ್ನಿನತ್ತ ಇಳಿಸಿದೆ. ಹಾಳೆಯ ಮೇಲೆ ತಡೆಯ ಗೆರೆ ಎಳೆಯುವ ಸೂಜಿ ನಿಧಾನ ಇಳಿಯಿತು. ಸೊನ್ನೆಗಿಂತ ನೂರ ತೊಂಬತ್ತೆರಡು ಡಿಗ್ರಿ ಕೆಳಗೆ ಹೋದಾಗ ಸೂಜಿ ದೊಪ್ಪನೆ ಬಿದ್ದು ಸೊನ್ನೆಯಲ್ಲಿ ನಿಂತಿತು. ಬೆಚ್ಚಗೆ ಮಾಡಿದೆ, ಎದ್ದಿತು. ಮತ್ತೆ ತಣ್ಣಗೆ ಮಾಡಿದೆ, ಬಿತ್ತು. ಎರಡೇ ಪದರದ ಫಿಲ್ಮು, ಇಷ್ಟು ಬೆಚ್ಚಗಿದ್ದಾಗಲೇ, ಇಷ್ಟು ಚೊಕ್ಕವಾಗಿ ಸೊನ್ನೆ. ಜಗತ್ತಿನಲ್ಲಿ ಯಾರೂ ನೋಡಿರಲಿಲ್ಲ. ಪ್ರೊಫೆಸರ್ ಆ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಹಿಡಿದರು. ಮಾರ್ಗೊ ಕೂತಲ್ಲೇ ಅತ್ತಳು. ಅವಳ ಐದನೇ ವರ್ಷ ಅದು. ಪ್ರೊಫೆಸರ್ ನನ್ನ ಭುಜ ತಟ್ಟಿದರು.

ಸೋಮವಾರ ಮಿಸೆಸ್ ವೊಯ್ ಪುಸ್ತಕ ತೆರೆದರು, ನಲವತ್ತಮೂರಕ್ಕೆ ಟಿಕ್ಕು ನೋಡಿದರು, ಒಂದು ಕ್ಷಣ ಹುಬ್ಬು ಗಂಟಿಕ್ಕಿದರು.

“ಇದನ್ನೂ ಶುಕ್ರವಾರನೇ ಮುಗಿಸ್ಬಿಟ್ನಾ ನಾನು?”

ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ತಮಾಷೆಯಾಗಿ ಹೇಳಿಬಿಡಬಹುದಾಗಿದ್ದ ಕೊನೆಯ ಗಳಿಗೆ ಅದು. “ಹೂಂ ಅನ್ಸುತ್ತೆ,” ಅಂದೆ.

“ಮೀನಿನ ಅವಸರದಲ್ಲಿ ತಲೆ ಎಲ್ಲಿತ್ತೋ,” ಎಂದು ಪುಟ ತಿರುಗಿಸಿದರು.

ಸಮ್ಮೇಳನದಲ್ಲಿ ಪ್ರೊಫೆಸರ್ ಆ ಗೆರೆಯ ಚಿತ್ರ ತೋರಿಸಿದಾಗ ಸಭೆ ಗುಜುಗುಜು ಅಂದಿತಂತೆ. ಆಮೇಲೆ ಕೊನೆಯ ಸಾಲಿನಿಂದ ಯಾರೋ ಮುದುಕರು ಎದ್ದು, ಕರೆಂಟು ಹೆಚ್ಚಿಸಿದರೆ ಏನಾಗುತ್ತದೆ ಎಂದು ಕೇಳಿದರಂತೆ. ಪ್ರೊಫೆಸರ್ ಹೆಚ್ಚಿಸಿ ನೋಡಿರಲಿಲ್ಲ. ನಿಜವಾದ ತೆಳು ಫಿಲ್ಮು ಒಂದಿಷ್ಟು ಕರೆಂಟನ್ನಷ್ಟೇ ಪುಕ್ಕಟೆ ಹೊರುತ್ತದೆ; ಹೇರುತ್ತಾ ಹೋದರೆ ದಣಿಯುತ್ತದೆ, ತಡೆ ಮರಳಿ ಬರುತ್ತದೆ. ಮಿಸೆಸ್ ವೊಯ್ ಇದನ್ನು ನನಗೆ ಎರಡನೇ ವಾರವೇ ಹೇಳಿದ್ದರು. “ದಣಿಯದೇ ಇದ್ರೆ ನಂಬಬೇಡ ಮರಿ, ಅದು ಕೆಲಸಾನೇ ಮಾಡ್ತಿಲ್ಲ ಅಂತ ಅರ್ಥ.”

ಪ್ರೊಫೆಸರ್ ಊರಿಗೆ ಬಂದವರೇ ಕೋಟು ತೆಗೆಯದೆ ನಲವತ್ತಮೂರನ್ನು ಇಳಿಸಲು ಹೇಳಿದರು. ಹತ್ತು ಪಟ್ಟು ಕರೆಂಟು ಕಳಿಸಿದೆ, ಸೊನ್ನೆ. ನೂರು ಪಟ್ಟು, ಸೊನ್ನೆ. ಮಾರ್ಗೊಳ ಮುಖ ಬಿಳಿಚಿಕೊಂಡಿತು. ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ಇಟ್ಟು ಅವಳೇ ನೋಡಿದಳು. ಕೇಳುವ ಎರಡು ತಂತಿಗಳು ಸಡಿಲವಾಗಿ ಬಳುಕಿ ಒಂದರ ಪಕ್ಕ ಒಂದು ವಾಲಿದ್ದವು, ನಡುವೆ ಕೂದಲಿನಷ್ಟು ಸಂದು. ತಣ್ಣಗಾದಾಗ ಫಿಲ್ಮು ಕೂರಿಸಿದ ಹಿಡಿಕೆ ಕುಗ್ಗಿ ಆ ಸಂದೂ ಮುಚ್ಚುತ್ತಿತ್ತು. ಫಿಲ್ಮಿನ ಮಾತು ಕೇಳಬೇಕಾದವು ಒಂದನ್ನೊಂದು ತಬ್ಬಿಕೊಂಡು ಕೂತಿದ್ದವು; ಸೊನ್ನೆಯಲ್ಲದೆ ಇನ್ನೇನು ಕೇಳಿಸೀತು. ಅವಳು ಹಲ್ಲುಕಡ್ಡಿಯಿಂದ ಅವನ್ನು ಬಿಡಿಸಿ ಮತ್ತೆ ಇಳಿಸಿದಳು. ಫಿಲ್ಮು ನೈಟ್ರೋಜನ್ನಿನಷ್ಟು ತಣ್ಣಗಾದರೂ ಸೂಜಿ ಸೊನ್ನೆಯ ಹತ್ತಿರ ಸುಳಿಯಲಿಲ್ಲ.

ಮಾರನೆಯ ದಿನ ಎಲ್ಲರ ವಾರದ ಸಭೆ. ಪ್ರೊಫೆಸರ್ ಕೂಗಾಡುವವರಲ್ಲ. ಹಸಿರು ಪುಸ್ತಕ ತರಿಸಿ ಮೇಜಿನ ಮೇಲೆ ಬಿಡಿಸಿಟ್ಟರು.

“ಡೋಲೊರಿಸ್, ಐದು ವರ್ಷದಲ್ಲಿ ನಿಮ್ಮ ಕೈಯಿಂದ ಇದು ಮೊದಲನೇದು. ನಾನೇನೂ ಅನ್ನಲ್ಲ. ಆದ್ರೆ ಅಲ್ಲಿ ಐನೂರು ಜನರ ಮುಂದೆ ನಿಂತಿದ್ದೋನು ನಾನು.”

ಮಿಸೆಸ್ ವೊಯ್ ಪುಸ್ತಕ ಎಳೆದುಕೊಂಡು ಕನ್ನಡಕ ಏರಿಸಿ ನೋಡಿದರು. ಬೆರಳನ್ನು ಟಿಕ್ಕಿನ ಬಾಲದ ಮೇಲೆ ನಿಧಾನವಾಗಿ ಎಳೆದರು.

“ನನ್ನ ಟಿಕ್ಕೇ ಇದು,” ಅಂದರು. “ಮಾಡಿದ್ದು ನೆನಪಿಲ್ಲ. ಆದ್ರೆ ನನ್ನದೇ. ಕ್ಷಮಿಸಿ ಪ್ರೊಫೆಸರ್. ಮಾರ್ಗೊ, ಕ್ಷಮಿಸು ಮಗಳೇ.” ಕುತ್ತಿಗೆಯಿಂದ ಕಿವಿವರೆಗೆ ಕೆಂಪಗಾಗಿದ್ದರು. ಅವರು ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಆ ನಾಚಿಕೆಯೂ ನನ್ನ ಪಾಲಿಗೆ ಬರಬೇಕಾದದ್ದು.

ನಾನು ಬಾಯಿ ತೆರೆದೆ. ಕೆಮ್ಮು ಬಂತು. ಮಾರ್ಗೊ ನೀರಿನ ಲೋಟ ನನ್ನತ್ತ ತಳ್ಳಿದಳು. ಕುಡಿದೆ. ಹೇಳಬೇಕಾದದ್ದೂ ನೀರಿನ ಜೊತೆ ಒಳಗೆ ಇಳಿಯಿತು, ಮತ್ತೆ ಮೇಲೆ ಬರಲು ಆರು ವಾರ ತೆಗೆದುಕೊಂಡಿತು.

ಮಿಸೆಸ್ ವೊಯ್ ಬೈದುಕೊಂಡು, ಬಾಗಿಲು ಬಡಿದುಕೊಂಡು ಓಡಾಡಿದ್ದರೆ ನನಗೆ ಸಲೀಸಾಗುತ್ತಿತ್ತು. ಹಾಗೆ ಮಾಡಲಿಲ್ಲ. ಒಂದೊಂದು ಫಿಲ್ಮು ಮುಗಿಸಿದ ಮೇಲೂ ನನ್ನನ್ನು ಕರೆಯತೊಡಗಿದರು. ಮೂರು ಬೆಸುಗೆ ಸುಟ್ಟ ನನ್ನನ್ನು.

“ಡುಡೆಕ್, ಬಾ ಇಲ್ಲಿ, ನೋಡು. ತಾಗ್ತಿದ್ಯಾ?”

ನಾನು ನಲ್ಲಿ ಮುಟ್ಟಿ, ಬಗ್ಗಿ ನೋಡುತ್ತಿದ್ದೆ. ನಾಲ್ಕು ತಂತಿ, ನಾಲ್ಕು ಪುಟ್ಟ ಕಮಾನು, ಅಳತೆ ತೆಗೆದಿಟ್ಟ ಹಾಗೆ. “ಇಲ್ಲ ಮಿಸೆಸ್ ವೊಯ್, ಚೆನ್ನಾಗಿದೆ.”

“ಸರಿಯಾಗಿ ನೋಡು. ಮುದುಕಿ ಅಂತ ಮುಖ ನೋಡಿ ಹೇಳ್ಬೇಡ.”

ಟಿಕ್ಕು ಹಾಕುವ ಮುಂಚೆ ಪೆನ್ನು ಹಿಡಿದು ಯೋಚಿಸುತ್ತಿದ್ದರು. ಸೋಮವಾರ ಮೊದಲೇ ಅಕ್ಷರ ಹಾಕುವುದನ್ನು ನಿಲ್ಲಿಸಿದರು. ದಿನಕ್ಕೆ ಐದು ಮಾಡುತ್ತಿದ್ದವರು ಎರಡಕ್ಕೆ ಬಂದರು. ಈಸ್ಟರಿನ ಮಾರನೇ ದಿನ ಊರಿನ ನಮ್ಮ ಪೋಲಿಷ್ ಜನ ನೀರು ಎರಚಾಡಿ, ಕೊಂಬೆಯಿಂದ ಒಬ್ಬರನ್ನೊಬ್ಬರು ಹೊಡೆದು ಕುಣಿಯುವ ಹಬ್ಬ. ಪ್ರತಿವರ್ಷ ಮಿಸೆಸ್ ವೊಯ್ ಅಕಾರ್ಡಿಯನ್ ನುಡಿಸುವವನ ಮುಂದೆಯೇ ಇರುತ್ತಿದ್ದರಂತೆ. ಈ ಸಲ ನಾನು ಹೋಗಿ ಹುಡುಕಿದೆ. ಚೆಟ್ ಒಬ್ಬರೇ ಬಿಯರ್ ಹಿಡಿದು ನಿಂತಿದ್ದರು. “ಅವಳು ಮನೇಲಿ ಸೂಜಿಗೆ ದಾರ ಪೋಣಿಸ್ತಾ ಕೂತಿದ್ದಾಳೆ,” ಅಂದರು. “ಏನ್ ಹೊಲಿತೀಯ ಅಂದ್ರೆ ಏನೂ ಹೊಲಿಯಲ್ಲ. ಪೋಣಿಸ್ತಾಳೆ, ಬಿಚ್ತಾಳೆ.”

ಅದು ಗೊತ್ತಾದ ಮೇಲೂ ನಾನು ಹೇಳಲಿಲ್ಲ. ನನ್ನ ಪರವಾಗಿ ನಾನು ಕಟ್ಟಿದ ವಾದ ಹೀಗಿತ್ತು: ಹಳೆಯ ವಿಷಯ, ಎಲ್ಲರೂ ಮರೆತಿದ್ದಾರೆ, ಕೆದಕಿದರೆ ಅವರಿಗೇ ನೋವು. ಬಹಳ ಸಭ್ಯವಾದ ವಾದ. ಅದನ್ನು ನಾನು ಹಲ್ಲುಜ್ಜುವಾಗ ಕನ್ನಡಿಗೆ ಹೇಳುತ್ತಿದ್ದೆ.

ಮೇ ಮೊದಲ ವಾರ ಅವರು ರಾಜೀನಾಮೆ ಕೊಟ್ಟರು. ಎರಡು ವಾರದ ನೋಟೀಸು. ಪ್ರೊಫೆಸರ್ ನನ್ನನ್ನು ಕೋಣೆಗೆ ಕರೆದು, “ಆ ಕುರ್ಚಿ ನಿನಗೇ. ಅಷ್ಟರಲ್ಲಿ ಅವರ ಹತ್ರ ಕಲ್ತ್ಕೋ,” ಅಂದರು. ಬಡ್ತಿ. ಅಮ್ಮ ಮನೆಯಲ್ಲಿ ಪಿಯರೋಗಿ ಮಾಡಿದಳು. ಒಳಗೆ ಆಲೂಗಡ್ಡೆ ತುಂಬಿದ ಆ ಕಡುಬನ್ನು ನಾನು ಹನ್ನೆರಡು ತಿನ್ನುವವನು. ಅವತ್ತು ಎರಡು ಕೂಡ ಇಳಿಯಲಿಲ್ಲ.

ಕಲಿಸಲು ಕೂತ ಮೊದಲ ದಿನ ಮಿಸೆಸ್ ವೊಯ್ ಹಳೆಯ ಕೆಟ್ಟ ಫಿಲ್ಮೊಂದನ್ನು ಎದುರಿಗಿಟ್ಟರು.

“ಎಲ್ಲಕ್ಕಿಂತ ಮುಖ್ಯ ಸಡಿಲ. ಬಿಗಿ ಎಳೆದ್ರೆ ತಣ್ಣಗಾದಾಗ ಕಿತ್ಕೊಳ್ಳುತ್ತೆ. ಜಾಸ್ತಿ ಬಿಟ್ರೆ...” ನಿಲ್ಲಿಸಿದರು. “ಜಾಸ್ತಿ ಬಿಟ್ರೆ ಏನಾಗುತ್ತೆ ಅಂತ ನೋಡಿದ್ಯಲ್ಲ. ಮೂವತ್ತು ವರ್ಷದ ಹಿಂದೆ ಕಾರ್ಖಾನೇಲಿ ಮೊದಲ್ನೇ ದಿನ ಹೇಳ್ಕೊಟ್ಟಿದ್ದು ಇದನ್ನೇ. ಅದನ್ನೇ ಮರೀಬೇಕಾದ್ರೆ ತಲೇಲಿ ಏನೋ ಸರಿ ಇಲ್ಲ ಅಂತ ತಾನೇ?”

“ಹಂಗೇನಿಲ್ಲ ಮಿಸೆಸ್ ವೊಯ್.”

“ನಿಂಗೇನ್ ಗೊತ್ತು. ನಮ್ಮಮ್ಮನಿಗೂ ಹಿಂಗೇ ಶುರುವಾಗಿದ್ದು. ಮಾಡಿದ್ದು ಮಾಡಿಲ್ಲ ಅನ್ನೋಳು. ಒಲೆ ಹಚ್ಚಿದ್ದು ನೆನಪಿರ್ತಿರ್ಲಿಲ್ಲ. ಕೊನೇಗೆ ನನ್ನೇ ಯಾರಮ್ಮ ನೀನು ಅಂದ್ಲು. ಹೋದ ವಾರ ಡಾಕ್ಟ್ರ ಹತ್ರ ಹೋಗಿದ್ದೆ. ಗಡಿಯಾರದ ಚಿತ್ರ ಬರೆಸಿದ್ರು, ಹಿಂದು ಮುಂದು ಎಣಿಸು ಅಂದ್ರು. ಎಲ್ಲಾ ಸರಿಯಾಗಿದೆ ಅಂತಾರೆ. ಸರಿಯಾಗಿದ್ರೆ ನಲವತ್ತಮೂರು ಯಾಕೆ ನೆನಪಿಲ್ಲ? ದಿನಾ ರಾತ್ರಿ ಮಲಗಿ ಹುಡುಕ್ತೀನಿ ಕಣೋ. ಆ ಶುಕ್ರವಾರ ಪೂರ್ತಿ ಹುಡುಕ್ತೀನಿ. ಡಬ್ಬಿ ಮುಚ್ಚಿದ್ದು ನೆನಪಿದೆ, ತೆಗೆದಿದ್ದು ಇಲ್ಲ.”

ಚಿಮಟ ನನ್ನ ಕೈಯಲ್ಲಿತ್ತು. ಅದನ್ನು ಕೆಳಗಿಟ್ಟೆ.

“ತೆಗೆದಿದ್ದು ನಾನು,” ಅಂದೆ.

ಅರ್ಥವಾಗದೆ ನೋಡಿದರು.

“ನಲವತ್ತಮೂರು ನಾನು ಅಂಟಿಸಿದ್ದು. ನೀವು ಮೀನು ಕರಿಯೋಕೆ ಹೋದ್ಮೇಲೆ. ಟಿಕ್ಕೂ ನನ್ದೇ. ನಿಮ್ಮ ಥರ ಬಾಲ ಎಳೆದೆ.”

ಕನ್ನಡಕ ತೆಗೆದರು, ಮಡಿಸಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಸತ್ಯ ಹೇಳಬೇಕೆಂದರೆ ಅದನ್ನು ಬಯಸಿದ್ದೆ. ಅವರು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಬೇರೆ ಯಾರದೋ ಕೈಗಳನ್ನು ನೋಡುವ ಹಾಗೆ ನೋಡುತ್ತಾ ಕೂತರು. ಆಮೇಲೆ ಎದ್ದು ಕೋಟು ಹಾಕಿಕೊಂಡರು.

“ಸೋಮವಾರ ಸಭೇಲಿ ಹೇಳು,” ಅಂದರು. “ಅಲ್ಲೇ, ಆ ಮೇಜಲ್ಲೇ. ಪುಸ್ತಕ ಬಿಚ್ಚಿಟ್ಟು.”

ಆ ಶನಿವಾರ ಭಾನುವಾರ ಹೇಗೆ ಕಳೆದೆ ಎಂದು ವಿವರಿಸುವುದಿಲ್ಲ. ಅಪ್ಪನಿಗೆ ಹೇಳಿದೆ. ಅಪ್ಪ ಟಿವಿಯ ಸದ್ದು ಕಡಿಮೆ ಮಾಡಿ ಪೂರ್ತಿ ಕೇಳಿ, “ಕುಲುಮೆ ಹತ್ರ ಹಿಂಗ್ ಮಾಡಿದ್ರೆ ಜನ ಸಾಯ್ತಿದ್ರು,” ಎಂದು ಸದ್ದು ಮತ್ತೆ ಜಾಸ್ತಿ ಮಾಡಿದರು.

ಸೋಮವಾರ ಪುಸ್ತಕ ಬಿಡಿಸಿಟ್ಟು ಹೇಳಿದೆ. ಚಿಕ್ಕದಾಗಿ ಹೇಳಬೇಕೆಂದುಕೊಂಡಿದ್ದೆ, ಆದರೆ ಹೂವಿನ ಕರವಸ್ತ್ರ ಕಟ್ಟಲಿಲ್ಲ ಅನ್ನುವುದನ್ನೂ ಬಿಡದೆ ಹೇಳಿದೆ. ಮಾರ್ಗೊ ನನ್ನ ಕಡೆ ನೋಡಲಿಲ್ಲ. ಈ ಸಲ ನೀರೂ ಕೊಡಲಿಲ್ಲ. ಪ್ರೊಫೆಸರ್ ಬಗ್ಗಿ ಟಿಕ್ಕನ್ನು ನೋಡಿದರು. ನನ್ನನ್ನು ಬಿಟ್ಟು ಮಿಸೆಸ್ ವೊಯ್ ಕಡೆ ತಿರುಗಿದರು.

“ಕರೆಂಟ್ ಹೆಚ್ಚಿಸಿ ನೋಡ್ದೆ ಸಮ್ಮೇಳನಕ್ಕೆ ಓಡಿದ್ದು ನಾನು. ಆಮೇಲೆ ನಿಮ್ಮನ್ನ ಎಲ್ಲರ ಮುಂದೆ ಕೂರಿಸಿದೆ. ಒಂದು ಮಾತು ಒಳಗೆ ಕರೆದು ಕೇಳ್ಲಿಲ್ಲ.”

“ಕೇಳಿದ್ರೂ ನನ್ದೇ ಅಂತಿದ್ದೆ,” ಅಂದರು ಅವರು. “ನಾನೂ ನಂಬಿದ್ನಲ್ಲ.”

“ಆ ರಾಜೀನಾಮೆ ವಾಪಸ್ ತಗೋತೀರಾ ಡೋಲೊರಿಸ್?”

“ಯೋಚ್ನೆ ಮಾಡ್ತೀನಿ.” ಮೂರು ದಿನ ಯೋಚನೆ ಮಾಡಿದರು. ನಾಲ್ಕನೇ ದಿನ ಬೆಳಿಗ್ಗೆ ಕುರ್ಚಿಯ ಎತ್ತರ ಮತ್ತೆ ಅವರ ಅಳತೆಗೆ ಇಳಿದಿತ್ತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅಳತೆಯ ಕೆಲಸ ಮಾರ್ಗೊ ವಹಿಸಿಕೊಂಡಳು. ನನಗೆ ನೈಟ್ರೋಜನ್ ಸುರಿಯುವುದು, ಡಬ್ಬಿ ಒರೆಸುವುದು, ಮತ್ತು ದಿನಕ್ಕೊಂದು ಗಂಟೆ ಮಿಸೆಸ್ ವೊಯ್ ಪಕ್ಕದಲ್ಲಿ ಕೂತು ಕೆಟ್ಟ ಫಿಲ್ಮಿಗೆ ತಂತಿ ಅಂಟಿಸುವುದು. ಕಲಿಸುವುದನ್ನು ಅವರು ನಿಲ್ಲಿಸಲಿಲ್ಲ. ಮರಿ ಅನ್ನುವುದನ್ನು ನಿಲ್ಲಿಸಿದರು, ಮಿಂಚು ಅನ್ನುವುದನ್ನೂ. ಬೈಗುಳದ ಹೆಸರು ಕಳೆದುಹೋದರೂ ಇಷ್ಟು ಬೇಜಾರಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಜೂನ್ ಕೊನೆಯಲ್ಲೊಂದು ದಿನ ಮೊದಲ ಬಾರಿ ಒಳ್ಳೆಯ ಫಿಲ್ಮು ಕೊಟ್ಟರು. ಹೊಸ ಪುಸ್ತಕದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ನಾನು ನಲ್ಲಿ ಮುಟ್ಟಿದೆ. ಅವರದೇ ಒಂದು ಹೂವಿನ ಕರವಸ್ತ್ರ ಕೊಟ್ಟರು, ಕಟ್ಟಿಕೊಂಡೆ. ಮೂರು ತಂತಿ ಕೂತವು. ಪಕ್ಕದಲ್ಲಿ ಅವರ ಉಸಿರಾಟ ಕೇಳುವಷ್ಟು ಹತ್ತಿರ ಇದ್ದರು. ಆರು ವಾರದಿಂದ ನಾಲಿಗೆ ತುದಿಯಲ್ಲಿದ್ದದ್ದನ್ನು ಕರವಸ್ತ್ರ ಒಂದು ಬೆರಳು ಸರಿಸಿ ಕೇಳಿಯೇಬಿಟ್ಟೆ.

“ಮಿಸೆಸ್ ವೊಯ್, ನನ್ನನ್ನ ಕ್ಷಮಿಸಿದೀರಾ?”

“ಇಲ್ಲ,” ಅಂದರು. “ಆರು ವಾರ ನನ್ನ ತಲೆ ಕೆಡ್ತು ಅಂತ ನಂಬಿದ್ದೆ. ಅದನ್ನ ನೀನು ವಾಪಸ್ ಕೊಡಕ್ಕಾಗಲ್ಲ. ಬಾಯ್ ಮುಚ್ಚು, ಫಿಲ್ಮ್ ಮೇಲೆ ಉಸಿರು ಬಿಡ್ತಿದೀಯ.”